ಯುದ್ಧ ಸ್ಮಾರಕದಲ್ಲಿ ಜಿಯೋಕ್ಯಾಶಿಂಗ್: ಸುಳಿವು ಕಲ್ಲಿನಲ್ಲಿ, ಡಬ್ಬಿ ದೂರದಲ್ಲಿ

ಬೆಂಗಳೂರಿನ ಬ್ರಿಗೇಡ್ ರಸ್ತೆಯು ರೆಸಿಡೆನ್ಸಿ ರಸ್ತೆಯನ್ನು ಸೇರುವಲ್ಲಿ, ಅಂಗಡಿಗಳ ಬೆಳಕು ಮತ್ತು ವಾಹನಗಳ ಸಂದಣಿಯ ನಡುವೆ, ಮೇಲೆ ಹೋದಂತೆ ಕಿರಿದಾಗುವ ಕಲ್ಲಿನ ಕಂಬವೊಂದು ನಿಂತಿದೆ. ಅದು ಮದ್ರಾಸ್ ಸೈನ್ಯದ ಪಯನಿಯರ್ ದಳಗಳ ಸ್ಮಾರಕ. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿ ಮಡಿದ 61, 64 ಮತ್ತು 81ನೆಯ ಪಯನಿಯರ್ ದಳಗಳ ಸೈನಿಕರ ನೆನಪು ಅಲ್ಲಿದೆ. ದಿನವೂ ಸಾವಿರಾರು ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ಆದರೆ ನಿಂತು ಅಕ್ಷರಗಳನ್ನು ಓದುವವರು ಅಪರೂಪ. ಇಂತಹ ಸ್ಮಾರಕವನ್ನು ಕೇಂದ್ರವಾಗಿಟ್ಟುಕೊಂಡು ಜಿಯೋಕ್ಯಾಶಿಂಗ್ ಹುಡುಕಾಟವೊಂದನ್ನು ಹೇಗೆ ರೂಪಿಸಬೇಕು, ಹುಡುಕಲು ಹೋಗುವವರು ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಈ ಬರಹದಲ್ಲಿ ವಿವರಿಸುತ್ತೇನೆ. ಉದಾಹರಣೆಗೆ ಬ್ರಿಗೇಡ್ ರಸ್ತೆಯ ಸ್ಮಾರಕವನ್ನೇ ತೆಗೆದುಕೊಂಡಿದ್ದೇನೆ, ಆದರೆ ಇದೇ ಕ್ರಮವನ್ನು ನಿಮ್ಮ ಊರಿನ ಯಾವ ಸ್ಮಾರಕಕ್ಕಾದರೂ ಅನ್ವಯಿಸಬಹುದು.

ಆಟವನ್ನು ಅರಿಯದವರಿಗಾಗಿ ಮೊದಲು ಎರಡು ಮಾತು. ಅಮೆರಿಕ ಸರ್ಕಾರವು ಜಿಪಿಎಸ್ ಸಂಕೇತಗಳಲ್ಲಿ ಸಾರ್ವಜನಿಕರಿಗೆಂದು ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು 2000ದ ಮೇ 2ರಂದು ತೆಗೆದುಹಾಕಿತು. ಮರುದಿನವೇ ಡೇವ್ ಅಲ್ಮರ್ ಎಂಬುವವರು ಆರೆಗಾನ್ ರಾಜ್ಯದ ಕಾಡಂಚಿನಲ್ಲಿ ಒಂದು ಬಕೆಟ್ಟನ್ನು ಇಟ್ಟು ಅದರ ಅಕ್ಷಾಂಶ ಮತ್ತು ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಆಟ ಹುಟ್ಟಿದ್ದು ಹೀಗೆ. ಒಬ್ಬರು ಡಬ್ಬಿ ಬಚ್ಚಿಟ್ಟು ಸ್ಥಳಸೂಚಿಯನ್ನು ಕೊಡುತ್ತಾರೆ, ಮತ್ತೊಬ್ಬರು ಅದನ್ನು ಹಿಡಿದು ಹೋಗಿ ಡಬ್ಬಿಯನ್ನು ಹುಡುಕಿ, ಒಳಗಿನ ಕಾಗದದಲ್ಲಿ ತಮ್ಮ ಹೆಸರು ಮತ್ತು ದಿನಾಂಕ ಬರೆದು, ಇದ್ದ ಜಾಗದಲ್ಲೇ ಇಟ್ಟು ಬರುತ್ತಾರೆ. ಡಬ್ಬಿಗೆ ಕ್ಯಾಶ್ ಎಂದೂ ಕಾಗದಕ್ಕೆ ಲಾಗ್ ಎಂದೂ ಹೆಸರು. ನೇರವಾಗಿ ಡಬ್ಬಿಯ ಜಾಗವನ್ನೇ ಕೊಡುವ ಸರಳ ಕ್ಯಾಶ್‌ಗಳಿವೆ. ಒಂದು ಜಾಗದಲ್ಲಿ ಸಿಕ್ಕ ಮಾಹಿತಿಯಿಂದ ಮುಂದಿನ ಜಾಗವನ್ನು ಲೆಕ್ಕ ಹಾಕಬೇಕಾದ ಮಲ್ಟಿ ಕ್ಯಾಶ್‌ಗಳೂ ಇವೆ. ಸ್ಮಾರಕಕ್ಕೆ ಹೊಂದುವುದು ಈ ಎರಡನೆಯ ಬಗೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಮಾರಕದ ಬಳಿ ಡಬ್ಬಿ ಏಕೆ ಬೇಡ

ಬೇಲಿಯ ಸಂದು, ಮೆಟ್ಟಿಲಿನ ಅಡಿ, ಹೂಗಿಡದ ಬುಡ ಇವೆಲ್ಲ ಡಬ್ಬಿ ಬಚ್ಚಿಡಲು ಹೇಳಿ ಮಾಡಿಸಿದಂತೆ ಕಾಣುತ್ತವೆ. ಆದರೂ ಅಲ್ಲಿ ಏನನ್ನೂ ಇಡಬಾರದು. ಡಬ್ಬಿ ಇದೆ ಎಂದು ಗೊತ್ತಾದ ಮೇಲೆ ಹುಡುಕುವವರ ಕಣ್ಣು ಅಕ್ಷರಗಳ ಮೇಲೆ ನಿಲ್ಲುವುದಿಲ್ಲ. ಕೈಗಳು ಕಲ್ಲಿನ ಸಂದುಗೊಂದುಗಳನ್ನು ತಡಕತೊಡಗುತ್ತವೆ, ಗಿಡಗಳು ತುಳಿತಕ್ಕೆ ಸಿಕ್ಕುತ್ತವೆ, ಸಡಿಲವಾದ ಕಲ್ಲನ್ನು ಎತ್ತಿ ನೋಡುವ ಆಸೆ ಹುಟ್ಟುತ್ತದೆ. ಸತ್ತವರ ಹೆಸರಿನಲ್ಲಿ ನಿಲ್ಲಿಸಿದ ಕಲ್ಲನ್ನು ಹೀಗೆ ತಡಕಾಡುವುದು ಸಲ್ಲದು.

ಎರಡನೆಯ ಕಾರಣ ನಮ್ಮ ನಗರಗಳ ಅನುಭವಕ್ಕೆ ಸೇರಿದ್ದು. 2014ರ ಡಿಸೆಂಬರ್ 28ರಂದು ಬ್ರಿಗೇಡ್ ರಸ್ತೆಗೆ ಹೊಂದಿಕೊಂಡ ಚರ್ಚ್ ಸ್ಟ್ರೀಟ್‌ನಲ್ಲಿ ಬಾಂಬ್ ಸಿಡಿದು ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ವಾರಸುದಾರರಿಲ್ಲದ ಚೀಲ, ಡಬ್ಬಿಗಳನ್ನು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ ಎಂದು ಬಸ್ ನಿಲ್ದಾಣದಿಂದ ಮೆಟ್ರೊವರೆಗೆ ಎಲ್ಲೆಡೆ ಘೋಷಣೆ ಕೇಳುವ ಊರಿನಲ್ಲಿ, ಜನನಿಬಿಡ ಕೂಡುರಸ್ತೆಯ ಯುದ್ಧ ಸ್ಮಾರಕದ ಬುಡದಲ್ಲಿ ಟೇಪು ಸುತ್ತಿದ ಡಬ್ಬಿಯೊಂದು ಸಿಕ್ಕರೆ ಏನಾಗುತ್ತದೆ ಎಂಬುದನ್ನು ಊಹಿಸಬಹುದು. ರಸ್ತೆ ಬಂದ್ ಆಗುತ್ತದೆ, ಬಾಂಬ್ ನಿಷ್ಕ್ರಿಯ ದಳ ಬರುತ್ತದೆ, ಮುಂದೆ ಈ ಆಟಕ್ಕೆ ಯಾವ ಇಲಾಖೆಯೂ ಅನುಮತಿ ಕೊಡುವುದಿಲ್ಲ. ವಿದೇಶಗಳಲ್ಲಿ ಹಳೆಯ ಮದ್ದುಗುಂಡಿನ ಲೋಹದ ಪೆಟ್ಟಿಗೆಯನ್ನು ಕ್ಯಾಶ್ ಆಗಿ ಬಳಸುವ ರೂಢಿ ಉಂಟು. ನಮ್ಮಲ್ಲಿ ಅದನ್ನು ಯಾವ ಜಾಗದಲ್ಲೂ ಬಳಸಬಾರದು.

ಆದ್ದರಿಂದ ಕ್ರಮ ಹೀಗಿರಲಿ: ಪ್ರಕಟಿಸುವ ಸ್ಥಳಸೂಚಿಯು ಆಟಗಾರರನ್ನು ಸ್ಮಾರಕದ ಮುಂದೆ ತಂದು ನಿಲ್ಲಿಸಬೇಕು, ಅಲ್ಲಿ ಅವರು ಕೆತ್ತನೆಯನ್ನು ಓದಿ ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು, ಆ ಉತ್ತರಗಳಿಂದ ಬಂದ ಅಂಕಿಗಳು ಒಂದು ಕಿಲೋಮೀಟರಿನಷ್ಟು ಆಚೆ, ಮಾಲೀಕರು ಒಪ್ಪಿಗೆ ಕೊಟ್ಟ ಜಾಗದಲ್ಲಿರುವ ಡಬ್ಬಿಗೆ ದಾರಿ ತೋರಿಸಬೇಕು. ಎರಡು ಕ್ಯಾಶ್‌ಗಳ ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕೆಂಬುದು ಜಿಯೋಕ್ಯಾಶಿಂಗ್ ಡಾಟ್ ಕಾಮ್ ತಾಣದ ನಿಯಮ. ಕೇವಲ ಓದಿ ಉತ್ತರಿಸುವ ಜಾಗಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಹಾಗಾಗಿ ಸ್ಮಾರಕವನ್ನು ಸುಳಿವಿನ ಜಾಗವಾಗಿ ಮಾತ್ರ ಬಳಸಲು ಅಡ್ಡಿಯಿಲ್ಲ.

ಮೊದಲ ಭೇಟಿ: ಓದುವುದಷ್ಟೇ

ಮೊದಲ ಸಲ ಹೋಗುವಾಗ ಆಟದ ಯೋಚನೆಯನ್ನು ಬದಿಗಿಟ್ಟು ನೋಟ್‌ಬುಕ್ ಒಂದನ್ನು ಮಾತ್ರ ಒಯ್ಯಿರಿ. ಭಾನುವಾರ ಬೆಳಗ್ಗೆ ಏಳರ ಸುಮಾರಿಗೆ ಬ್ರಿಗೇಡ್ ರಸ್ತೆ ಬಹುಮಟ್ಟಿಗೆ ಖಾಲಿಯಿರುತ್ತದೆ. ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣದಲ್ಲಿ ಇಳಿದು ಬ್ರಿಗೇಡ್ ರಸ್ತೆಯ ಉದ್ದಕ್ಕೂ ದಕ್ಷಿಣಕ್ಕೆ ನಡೆದರೆ ಹತ್ತು ನಿಮಿಷಗಳಲ್ಲಿ ಸ್ಮಾರಕ ಸಿಗುತ್ತದೆ. ಎದುರಿಗಿರುವ ರೆಸಿಡೆನ್ಸಿ ರಸ್ತೆಗೆ ಇಂದಿನ ಅಧಿಕೃತ ಹೆಸರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ. ಕೊಡಗಿನಲ್ಲಿ ಹುಟ್ಟಿ ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದವರ ಹೆಸರಿನ ರಸ್ತೆಯ ಅಂಚಿನಲ್ಲಿ ಈ ಕಂಬ ನಿಂತಿರುವುದು ಔಚಿತ್ಯಪೂರ್ಣವೆಂದು ನನಗೆ ಪ್ರತಿ ಸಲವೂ ಅನ್ನಿಸಿದೆ.

ಕಲ್ಲಿನ ಮೇಲಿನ ಅಕ್ಷರಗಳನ್ನು ಓದುವುದಕ್ಕೆ ಬೆಳಕಿನ ಕೋನವೇ ಮುಖ್ಯ. ನಡುಹಗಲಿನಲ್ಲಿ ಬೆಳಕು ನೇರವಾಗಿ ಬಿದ್ದಾಗ ಕೆತ್ತನೆಯ ಆಳ ಕಾಣುವುದಿಲ್ಲ; ಎಳೆಬಿಸಿಲು ಅಥವಾ ಇಳಿಬಿಸಿಲು ಓರೆಯಾಗಿ ಬಿದ್ದಾಗ ಪ್ರತಿಯೊಂದು ಗೆರೆಯಲ್ಲೂ ನೆರಳು ಕೂತು ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಬಿಸಿಲು ತಾಗದ ಮುಖವಿದ್ದರೆ ಟಾರ್ಚನ್ನು ಕಲ್ಲಿಗೆ ಬಹುತೇಕ ಸಮಾನಾಂತರವಾಗಿ, ಪಕ್ಕದಿಂದ ಹಿಡಿಯಿರಿ. ಸುಣ್ಣದ ಕಡ್ಡಿ ತಿಕ್ಕುವುದು, ಹಿಟ್ಟು ಬಳಿಯುವುದು, ಎಣ್ಣೆ ಸವರುವುದು, ಕಡ್ಡಿಯಿಂದ ಅಕ್ಷರದ ಮಣ್ಣು ಕೆರೆಯುವುದು ಯಾವುದೂ ಕೂಡದು. ಹಳೆಯ ಶಾಸನಗಳ ಮೇಲೆ ಇಂತಹ ಪ್ರಯೋಗಗಳನ್ನು ಮಾಡಿ ನಾವು ಸಾಕಷ್ಟು ಕಳೆದುಕೊಂಡಿದ್ದೇವೆ. ಸೀಮೆಸುಣ್ಣದ ಪುಡಿ ಕಲ್ಲಿನ ರಂಧ್ರಗಳೊಳಗೆ ಇಳಿದು ಉಳಿದುಬಿಡುತ್ತದೆ, ಎಣ್ಣೆಯು ಧೂಳನ್ನು ಹಿಡಿದು ಕಪ್ಪುಗಟ್ಟುತ್ತದೆ. ಬೇಲಿಯ ಹೊರಗಿನಿಂದ ಓದಲಾಗದಿದ್ದರೆ ಫೋನಿನ ಕ್ಯಾಮೆರಾದಲ್ಲಿ ಹತ್ತಿರಕ್ಕೆ ತಂದು ಚಿತ್ರ ತೆಗೆದು ಮನೆಯಲ್ಲಿ ಓದಬೇಕೇ ಹೊರತು ಬೇಲಿಯನ್ನು ದಾಟಬಾರದು.

ಪ್ರತಿಯೊಂದು ಮುಖವನ್ನೂ ಇರುವಂತೆಯೇ, ಸಾಲಿಗೆ ಸಾಲು ಬರೆದುಕೊಳ್ಳಿ. ಯಾವ ಮುಖ ಯಾವ ದಿಕ್ಕಿಗಿದೆ ಎಂಬುದನ್ನೂ ಗುರುತು ಹಾಕಿ. ನಾನು ಮೊದಲ ಸಲ ಇದನ್ನು ಮಾಡುವಾಗ ದಿಕ್ಕು ಬರೆಯುವುದನ್ನು ಮರೆತೆ. ಪ್ರಶ್ನೆಯಲ್ಲಿ ‘ಎಡಗಡೆಯ ಮುಖ’ ಎಂದು ಬರೆದ ಪರಿಣಾಮವಾಗಿ, ರಸ್ತೆಯ ಆಚೆಯಿಂದ ಬಂದ ಗೆಳೆಯರು ಬೇರೆಯದೇ ಮುಖವನ್ನು ಓದಿ ತಪ್ಪು ಅಂಕಿಗಳನ್ನು ಪಡೆದರು. ‘ರೆಸಿಡೆನ್ಸಿ ರಸ್ತೆಯ ಕಡೆಗಿರುವ ಮುಖ’ ಎಂಬಂತೆ ಬದಲಾಗದ ಗುರುತನ್ನು ಕೊಟ್ಟರೆ ಇಂತಹ ಗೊಂದಲವಿರುವುದಿಲ್ಲ.

ಮನೆಗೆ ಬಂದ ಮೇಲೆ ಆ ದಳಗಳ ಬಗ್ಗೆ ಓದಿಕೊಳ್ಳಬೇಕು. ಪಯನಿಯರ್ ಎಂದರೆ ಸೈನ್ಯದ ಮುಂದೆ ಹೋಗಿ ರಸ್ತೆ ಕಡಿಯುವ, ಕಂದಕ ತೋಡುವ, ಹಳ್ಳಗಳಿಗೆ ಸೇತುವೆ ಹಾಕುವ, ಅಗತ್ಯ ಬಿದ್ದಾಗ ಅದೇ ಕೈಯಲ್ಲಿ ಬಂದೂಕು ಹಿಡಿದು ಕಾದಾಡುವ ಸಿಪಾಯಿ. 61ನೆಯ ದಳವು 1914ರ ನವೆಂಬರಿನಲ್ಲಿ ಪೂರ್ವ ಆಫ್ರಿಕದ ಟಾಂಗಾ ಬಂದರಿನ ಮೇಲಿನ ವಿಫಲ ದಾಳಿಗೆ ಹೋದ ಪಡೆಯಲ್ಲಿತ್ತು. ಯುದ್ಧಾನಂತರ 1922ರಲ್ಲಿ ಈ ದಳಗಳನ್ನು ಒಂದುಗೂಡಿಸಿ 1ನೆಯ ಮದ್ರಾಸ್ ಪಯನಿಯರ್ಸ್ ಎಂದು ಕರೆಯಲಾಯಿತು. 1933ರಲ್ಲಿ ಪಯನಿಯರ್ ರೆಜಿಮೆಂಟುಗಳನ್ನೇ ವಿಸರ್ಜಿಸಲಾಯಿತು. ಅವರ ಪರಂಪರೆಯು ಹಲಸೂರಿನ ಕೆರೆಯ ಬಳಿ ನೆಲೆ ಹೊಂದಿರುವ ಮದ್ರಾಸ್ ಸ್ಯಾಪರ್ಸ್, ಎಂದರೆ ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನೊಂದಿಗೆ ಸೇರಿಕೊಂಡಿತು. ಹೀಗೆ ದಳವೇ ಇಲ್ಲವಾದ ಮೇಲೆ ಅದರ ನೆನಪನ್ನು ಹೊತ್ತು ರಸ್ತೆಯ ಬದಿಯಲ್ಲಿ ಉಳಿದಿರುವುದು ಈ ಕಲ್ಲು. ಕ್ಯಾಶ್‌ನ ವಿವರಣಾ ಪುಟದಲ್ಲಿ ಇಷ್ಟನ್ನಾದರೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ, ಏಕೆಂದರೆ ಹುಡುಕಲು ಬರುವವರಲ್ಲಿ ಹಲವರು ಹೊರ ಊರಿನವರೂ ಹೊರದೇಶದವರೂ ಆಗಿರುತ್ತಾರೆ. ಮಡಿದವರ ಹೆಸರು ಮತ್ತು ರೆಜಿಮೆಂಟನ್ನು ಆಧರಿಸಿ ಹುಡುಕುವ ಸೌಲಭ್ಯ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿದೆ. ಕಲ್ಲಿನಲ್ಲಿ ಓದಿದ್ದನ್ನು ತಾಳೆ ನೋಡಲು ಅದು ಉಪಯುಕ್ತ.

ಯಾವುದನ್ನು ಪ್ರಶ್ನೆಯಾಗಿಸಬೇಕು, ಯಾವುದನ್ನು ಬಿಡಬೇಕು

ಇಲ್ಲಿ ನನ್ನದೊಂದು ಕಟ್ಟುನಿಟ್ಟಿನ ನಿಲುವಿದೆ. ಸ್ಮಾರಕದಲ್ಲಿ ಸತ್ತವರ ಸಂಖ್ಯೆ ಇದ್ದರೆ ಅದನ್ನು ಲೆಕ್ಕಕ್ಕೆ ಬಳಸಬಾರದು. ‘ಮಡಿದ ಸಿಪಾಯಿಗಳ ಸಂಖ್ಯೆಯಿಂದ ಏಳನ್ನು ಕಳೆಯಿರಿ’ ಎಂಬ ಸೂಚನೆಯನ್ನು ನಾನು ಬರೆಯಲಾರೆ. ಆ ಕಾಲದ ಹಲವು ಸ್ಮಾರಕಗಳಲ್ಲಿ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಬರಿಯ ಎಣಿಕೆಯಾಗಿ ನಮೂದಿಸಿದ್ದುಂಟು. ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರುಗಳಿದ್ದರೂ ಸಾಮಾನ್ಯ ಸಿಪಾಯಿಗಳು ಸಂಖ್ಯೆಯಾಗಿಯಷ್ಟೇ ಉಳಿದದ್ದು ಇದಕ್ಕೆ ದೊಡ್ಡ ನಿದರ್ಶನ. ಕಲ್ಲು ಕೆತ್ತಿಸಿದವರು ಒಮ್ಮೆ ಸಂಖ್ಯೆಯಾಗಿಸಿದವರನ್ನು ನಾವು ಆಟದಲ್ಲಿ ಮತ್ತೊಮ್ಮೆ ಕೂಡುವ, ಕಳೆಯುವ ಸಂಖ್ಯೆಯಾಗಿಸುವುದು ಬೇಡ. ಆ ಸಾಲನ್ನು ಆಟಗಾರರು ಓದಲಿ, ಅಷ್ಟು ಸಾಕು.

ಹಾಗಾದರೆ ಅಂಕಿಗಳು ಎಲ್ಲಿಂದ ಬರಬೇಕು? ದಳಗಳ ಕ್ರಮಸಂಖ್ಯೆಗಳು, ಯುದ್ಧದ ಆರಂಭ ಮತ್ತು ಅಂತ್ಯದ ವರ್ಷಗಳು, ಯುದ್ಧಭೂಮಿಗಳ ಹೆಸರಿನಲ್ಲಿರುವ ಅಕ್ಷರಗಳ ಎಣಿಕೆ, ಒಂದು ಮುಖದಲ್ಲಿರುವ ಸಾಲುಗಳ ಸಂಖ್ಯೆ ಇವೆಲ್ಲ ಯೋಗ್ಯವಾದವು. ಯುದ್ಧಭೂಮಿಯ ಹೆಸರನ್ನು ಕೇಳುವುದು ನನಗೆ ಎಲ್ಲಕ್ಕಿಂತ ಇಷ್ಟ, ಏಕೆಂದರೆ ಅಕ್ಷರಗಳನ್ನು ಎಣಿಸಲು ಆಟಗಾರರು ಆ ಹೆಸರನ್ನು ಒಮ್ಮೆಯಾದರೂ ಪೂರ್ತಿ ಓದಬೇಕಾಗುತ್ತದೆ. ಇಂಗ್ಲಿಷ್ ಕೆತ್ತನೆಯ ಅಕ್ಷರಗಳನ್ನು ಎಣಿಸಬೇಕೋ ಕನ್ನಡದಲ್ಲಿ ಬರೆದಾಗಿನ ಅಕ್ಷರಗಳನ್ನೋ ಎಂಬುದನ್ನು ಸ್ಪಷ್ಟವಾಗಿ ಹೇಳಿರಿ. ರೋಮನ್ ಅಂಕಿಗಳಿದ್ದರೆ ಅವನ್ನು ಹೇಗೆ ಓದಬೇಕೆಂದೂ ಪುಟದಲ್ಲೇ ತಿಳಿಸಿರಿ. ಹೂಕುಂಡಗಳ ಸಂಖ್ಯೆ, ಬೇಲಿಯ ಬಣ್ಣ, ದೀಪದ ಕಂಬ ಇವುಗಳನ್ನು ಕೇಳಬಾರದು. ಪಾದಚಾರಿ ಮಾರ್ಗವನ್ನು ಒಮ್ಮೆ ಅಗೆದು ಹೊಸದಾಗಿ ಹಾಸಿದರೆ ನಿಮ್ಮ ಕ್ಯಾಶ್ ಅಂದಿಗೆ ಮುಗಿಯಿತು. ಅಂತರ್ಜಾಲದ ಚಿತ್ರವೊಂದರಿಂದ ಮನೆಯಲ್ಲೇ ಕೂತು ಉತ್ತರಿಸಬಹುದಾದ ಪ್ರಶ್ನೆಗಳನ್ನೂ ಕಡಿಮೆ ಮಾಡಿ, ಕನಿಷ್ಠ ಒಂದು ಉತ್ತರಕ್ಕಾದರೂ ಸ್ಮಾರಕದ ಹಿಂಬದಿಗೆ ಸುತ್ತಿ ಹೋಗಬೇಕಾಗುವಂತೆ ನೋಡಿಕೊಳ್ಳಿ.

ಲೆಕ್ಕ ಕಟ್ಟುವ ಬಗೆ

ಜಿಯೋಕ್ಯಾಶಿಂಗ್‌ನಲ್ಲಿ ಸ್ಥಳಸೂಚಿಯನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ ಬರೆಯುತ್ತಾರೆ. ನಗರದ ಈ ಭಾಗ ಉತ್ತರ 12° 58', ಪೂರ್ವ 77° 36' ಎಂಬುದರೊಳಗೆ ಬರುತ್ತದೆ. ಆದ್ದರಿಂದ ಆಟಗಾರರು ಕಂಡುಕೊಳ್ಳಬೇಕಾದದ್ದು ನಿಮಿಷದ ನಂತರದ ಮೂರು ಮೂರು ಅಂಕಿಗಳನ್ನು ಮಾತ್ರ. ಪುಟದಲ್ಲಿ ಇದನ್ನು ಉತ್ತರ 12° 58.ಕಖಗ', ಪೂರ್ವ 77° 36.ಚಛಜ' ಎಂದು ಬರೆಯಬಹುದು.

ಫೋನಿನ ನಕ್ಷೆಗಳು ಸಾಮಾನ್ಯವಾಗಿ ದಶಮಾಂಶ ಡಿಗ್ರಿಗಳನ್ನು ತೋರಿಸುತ್ತವೆ, ಹೊಸಬರು ಎಡವುವುದು ಇಲ್ಲಿಯೇ. 12.97065 ಎಂದು ಕಂಡರೆ ದಶಮಾಂಶದ ಭಾಗವಾದ 0.97065 ಅನ್ನು 60ರಿಂದ ಗುಣಿಸಬೇಕು, ಆಗ 58.239 ಬರುತ್ತದೆ, ಅಂದರೆ ಅದು 12° 58.239'. ಈ ಪರಿವರ್ತನೆಯನ್ನು ಮರೆತು 12° 58.239' ಎಂಬುದನ್ನು 12.58239 ಎಂದು ಫೋನಿಗೆ ಕೊಟ್ಟರೆ, ಅಕ್ಷಾಂಶವೊಂದರಲ್ಲೇ ಸುಮಾರು 43 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿಬಿಡುತ್ತೀರಿ.

ಈಗ ಉತ್ತರಗಳನ್ನು ಯಾವ ಸ್ಥಾನದಲ್ಲಿ ಇಡಬೇಕು ಎಂಬುದಕ್ಕೆ ಬರೋಣ. ಬ್ರಿಗೇಡ್ ರಸ್ತೆಯ ಉತ್ತರಗಳನ್ನು ಇಲ್ಲಿ ಬಿಟ್ಟುಕೊಡದಿರಲು ಬೇರೊಂದು ದಿನಾಂಕವನ್ನು ತೆಗೆದುಕೊಳ್ಳುತ್ತೇನೆ. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್, ಜೋಧಪುರದ ಅಶ್ವದಳದೊಂದಿಗೆ ಸೇರಿ, ತುರ್ಕಿಯ ವಶದಲ್ಲಿದ್ದ ಹೈಫಾ ಪಟ್ಟಣವನ್ನು ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು. ಈ ದಿನಾಂಕದಿಂದ ಕ = 2, ಖ = 3, ಗ = 9 ಎಂದು ತೆಗೆದುಕೊಂಡರೆ 58.239' ಆಗುತ್ತದೆ. ಸವೆದ ಕಲ್ಲಿನಲ್ಲಿ 3 ಮತ್ತು 8 ಒಂದೇ ತೆರನಾಗಿ ಕಾಣುವುದು ಬಹು ಸಾಮಾನ್ಯ. ಯಾರಾದರೂ ಖ ಅನ್ನು 8 ಎಂದು ಓದಿದರೆ 58.289' ಆಗಿ ಅವರು 93 ಮೀಟರಿನಷ್ಟು ಆಚೆ ಹೋಗುತ್ತಾರೆ. ಅದೇ ತಪ್ಪು ಮೊದಲ ಸ್ಥಾನದಲ್ಲಿ ಆದರೆ 926 ಮೀಟರ್, ಕೊನೆಯ ಸ್ಥಾನದಲ್ಲಿ ಆದರೆ ಬರಿಯ 9 ಮೀಟರ್. ಅಕ್ಷಾಂಶದಲ್ಲಿ ನಿಮಿಷದ ಸಾವಿರದ ಒಂದು ಭಾಗವೆಂದರೆ ಸುಮಾರು 1.85 ಮೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಈ ಲೆಕ್ಕವನ್ನು ನೀವೇ ಮಾಡಿಕೊಳ್ಳಬಹುದು. ರೇಖಾಂಶದಲ್ಲಿ ಅದು ಬೆಂಗಳೂರಿನ ಬಳಿ 1.8 ಮೀಟರಿನಷ್ಟು. ಆದ್ದರಿಂದ ಸಂದೇಹಕ್ಕೆ ಎಡೆಯಿಲ್ಲದಂತೆ ಓದಬಹುದಾದ ಅಂಕಿಗಳನ್ನು ಮೊದಲ ಸ್ಥಾನಗಳಲ್ಲೂ, ಸವೆದ ಅಥವಾ ಎಣಿಕೆಯಲ್ಲಿ ತಪ್ಪಬಹುದಾದ ಅಂಕಿಗಳನ್ನು ಕೊನೆಯ ಸ್ಥಾನದಲ್ಲೂ ಇಡಿ.

ಆರು ಅಂಕಿಗಳ ಒಟ್ಟು ಮೊತ್ತವನ್ನು ಪುಟದಲ್ಲಿ ಕೊಟ್ಟರೆ ಆಟಗಾರರು ಸ್ಮಾರಕದ ಮುಂದೆಯೇ ತಮ್ಮ ಉತ್ತರವನ್ನು ಪರೀಕ್ಷಿಸಿಕೊಳ್ಳಬಹುದು. ಮೊತ್ತ ಹೊಂದದಿದ್ದರೆ ಮತ್ತೊಮ್ಮೆ ಓದುತ್ತಾರೆ. ತಪ್ಪು ಅಂಕಿ ಹಿಡಿದು ಯಾರದೋ ಮನೆಯ ಗೇಟಿನ ಮುಂದೆ ನಿಂತು ಹೂಕುಂಡ ಎತ್ತಿ ನೋಡುವ ಪ್ರಸಂಗವನ್ನು ಇದು ತಪ್ಪಿಸುತ್ತದೆ. ಗುಣಾಕಾರ, ಭಾಗಾಕಾರಗಳ ಸರಮಾಲೆ ಬೇಡ. ಒಂದೆರಡು ಕೂಡಿಸುವ ಲೆಕ್ಕ ಸಾಕು, ಏಕೆಂದರೆ ಇಲ್ಲಿನ ಶ್ರಮವೆಲ್ಲ ಓದುವುದರಲ್ಲಿರಬೇಕು.

ಡಬ್ಬಿ ಮತ್ತು ಅದರ ಜಾಗ

ಕೊನೆಯ ಡಬ್ಬಿಗೆ ಜಾಗ ಹುಡುಕುವುದು ನಮ್ಮ ನಗರಗಳಲ್ಲಿ ಅತಿ ಕಷ್ಟದ ಭಾಗ. ಕಬ್ಬನ್ ಉದ್ಯಾನ ಹತ್ತಿರವಿದ್ದರೂ ಅದು ತೋಟಗಾರಿಕೆ ಇಲಾಖೆಗೆ ಸೇರಿದ್ದು. ಲಿಖಿತ ಅನುಮತಿ ಇಲ್ಲದೆ ಅಲ್ಲಿ ಏನನ್ನೂ ಇಡಬಾರದು. ಸೈನ್ಯಕ್ಕೆ ಸೇರಿದ ಆವರಣಗಳ ಗೋಡೆಯ ಹತ್ತಿರಕ್ಕೂ ಹೋಗಬೇಡಿ. ಸ್ಮಾರಕದ ವಿಷಯ ಸೈನ್ಯದ್ದೆಂಬ ಕಾರಣಕ್ಕೆ ದಂಡಿನ ಪ್ರದೇಶದಲ್ಲಿ ಡಬ್ಬಿಯನ್ನು ಕಲ್ಪಿಸಿಕೊಳ್ಳುವುದು ಸಹಜವಾದರೂ, ಛಾಯಾಚಿತ್ರಕ್ಕೂ ನಿಷೇಧವಿರುವ ಜಾಗದ ಸುತ್ತ ಫೋನ್ ಹಿಡಿದು ಅಲೆದಾಡುವವರಿಗೆ ತೊಂದರೆ ಖಂಡಿತ. ಮೆಟ್ರೊ ನಿಲ್ದಾಣ, ವಿದ್ಯುತ್ ಪೆಟ್ಟಿಗೆ, ಶಾಲೆಯ ಕಾಂಪೌಂಡ್, ದೇವಸ್ಥಾನ, ಚರ್ಚು, ಮಸೀದಿಗಳ ಆವರಣ ಇವೂ ಪಟ್ಟಿಯಿಂದ ಹೊರಗೆ.

ನನಗೆ ತಿಳಿದಂತೆ ಸುರಕ್ಷಿತವಾದ ದಾರಿ ಎಂದರೆ ಪರಿಚಿತರೊಬ್ಬರ ಮನೆಯ ಅಥವಾ ವಸತಿ ಸಮುಚ್ಚಯದ ಕಾಂಪೌಂಡಿನ ಹೊರಗೋಡೆ. ಮಾಲೀಕರಿಗೆ ಅಥವಾ ನಿವಾಸಿಗಳ ಸಂಘಕ್ಕೆ ಆಟವನ್ನು ಪೂರ್ತಿ ವಿವರಿಸಿ ಒಪ್ಪಿಗೆಯನ್ನು ಕಾಗದದಲ್ಲಿ ಪಡೆಯಿರಿ. ಕಾವಲುಗಾರರಿಗೂ ಖುದ್ದಾಗಿ ಹೇಳಿ, ಡಬ್ಬಿಯನ್ನು ಅವರ ಕೈಗೆ ಕೊಟ್ಟು ತೆರೆದು ತೋರಿಸಿ. ನನ್ನ ಅನುಭವದಲ್ಲಿ ಒಮ್ಮೆ ಸಂಘದ ಒಪ್ಪಿಗೆ ಪಡೆದು ರಾತ್ರಿಪಾಳಿಯ ಕಾವಲುಗಾರರಿಗೆ ತಿಳಿಸುವುದನ್ನು ಬಿಟ್ಟಿದ್ದೆ. ಸಂಜೆ ಏಳಕ್ಕೆ ಬಂದ ಇಬ್ಬರು ಕಾಲೇಜು ಹುಡುಗರನ್ನು ಅವರು ಅರ್ಧ ಗಂಟೆ ಕೂರಿಸಿಕೊಂಡರು. ತಪ್ಪು ಕಾವಲುಗಾರರದ್ದಲ್ಲ, ನನ್ನದೇ. ಅಂದಿನಿಂದ ಹುಡುಕಾಟದ ವೇಳೆಯನ್ನು ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಎಂದು ಪುಟದ ಮೇಲ್ಭಾಗದಲ್ಲೇ ಬರೆಯುತ್ತಿದ್ದೇನೆ.

ಡಬ್ಬಿ ಪಾರದರ್ಶಕವಾಗಿರಲಿ. ನಾಲ್ಕೂ ಕಡೆ ಬಿಗಿಯಾಗಿ ಮುಚ್ಚುವ ಪುಟ್ಟ ಊಟದ ಡಬ್ಬಿಯಾದರೆ ಒಳಗಿನ ಕಾಗದ ಹೊರಗಿನಿಂದಲೇ ಕಾಣುತ್ತದೆ, ಯಾರಿಗೂ ಭಯ ಹುಟ್ಟುವುದಿಲ್ಲ. ‘ಜಿಯೋಕ್ಯಾಶಿಂಗ್ ಆಟದ ಡಬ್ಬಿ, ಅಪಾಯವಿಲ್ಲ, ಮಾಲೀಕರ ಅನುಮತಿಯಿದೆ’ ಎಂದು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಷ್ಟೇ ಅಲ್ಲ, ಅಕ್ಟೋಬರಿನ ಸಂಜೆ ಮಳೆಯೂ ಬೆಂಗಳೂರಿನಲ್ಲಿ ಜೋರಾಗಿರುವುದರಿಂದ ಲಾಗ್ ಕಾಗದವನ್ನು ಜಿಪ್ ಚೀಲದೊಳಗಿಟ್ಟು, ತೇವ ಹೀರುವ ಸಿಲಿಕಾ ಪೊಟ್ಟಣವೊಂದನ್ನು ಜೊತೆಗೆ ಹಾಕಿ. ಪೆನ್ನಿಗಿಂತ ಪೆನ್ಸಿಲ್ ಮೇಲು, ಏಕೆಂದರೆ ಒದ್ದೆಯಾದರೂ ಬರಹ ಹರಡುವುದಿಲ್ಲ. ತಿನ್ನುವ ಪದಾರ್ಥವನ್ನು ಎಂದಿಗೂ ಇಡಬಾರದು. ಒಂದು ಚಾಕೊಲೇಟ್ ಸಾಕು, ಮರುದಿನವೇ ಡಬ್ಬಿಯ ತುಂಬ ಇರುವೆ. ಆಟಿಕೆ ಬಂದೂಕು, ಪ್ಲಾಸ್ಟಿಕ್ ಸೈನಿಕರಂತಹ ವಸ್ತುಗಳನ್ನು ಸ್ಮಾರಕದ ವಿಷಯಕ್ಕೆ ಹೊಂದುತ್ತವೆಂದು ಇಡುವವರಿದ್ದಾರೆ, ದಯವಿಟ್ಟು ಬೇಡ.

ಜಾಗದ ಸ್ಥಳಸೂಚಿಯನ್ನು ಒಂದೇ ಸಲ ಅಳೆದು ತೃಪ್ತರಾಗಬೇಡಿ. ಎತ್ತರದ ಕಟ್ಟಡಗಳ ಗೋಡೆಗಳಿಗೆ ಸಂಕೇತ ತಾಗಿ ಮರಳುವುದರಿಂದ ಫೋನ್ ತೋರಿಸುವ ಜಾಗ ಹತ್ತಿಪ್ಪತ್ತು ಮೀಟರ್ ಅಲುಗುತ್ತದೆ. ಬೇರೆ ಬೇರೆ ದಿನ, ಬೇರೆ ಬೇರೆ ವೇಳೆಯಲ್ಲಿ ಮೂರು ನಾಲ್ಕು ಸಲ ಅಳೆದು ಸರಾಸರಿ ತೆಗೆಯಿರಿ, ಉಪಗ್ರಹ ಚಿತ್ರದೊಂದಿಗೆ ಹೋಲಿಸಿರಿ. ಜೊತೆಗೆ ‘ಗೇಟಿನ ಬಲಕ್ಕೆ, ಮೊಣಕಾಲೆತ್ತರದಲ್ಲಿ’ ಎಂಬಂತಹ ಸುಳಿವನ್ನು ಕೊಟ್ಟರೆ ಅನಗತ್ಯವಾಗಿ ತಡಕುವ ಕೆಲಸ ತಪ್ಪುತ್ತದೆ.

ಎಲ್ಲವೂ ಸಿದ್ಧವಾದ ಮೇಲೆ ಪುಟವನ್ನು ಪರಿಶೀಲಕರಿಗೆ ಸಲ್ಲಿಸಬೇಕು. ಇವರು ಸ್ವಯಂಸೇವಕರು, ಕೊನೆಯ ಡಬ್ಬಿಯ ಜಾಗ, ಅನುಮತಿಯ ವಿವರ ಮತ್ತು ಸ್ಮಾರಕದಲ್ಲಿ ಡಬ್ಬಿಯಿಲ್ಲವೆಂಬ ಸ್ಪಷ್ಟ ಮಾತನ್ನು ಅವರಿಗೆ ಮೊದಲೇ ತಿಳಿಸಿದರೆ ಕೆಲಸ ಸುಗಮವಾಗುತ್ತದೆ. ಕಷ್ಟದ ಮಟ್ಟ ಮತ್ತು ದಾರಿಯ ಮಟ್ಟ ಎರಡನ್ನೂ 1ರಿಂದ 5ರವರೆಗೆ ಅರ್ಧರ್ಧ ಅಂಕದಲ್ಲಿ ಸೂಚಿಸಬೇಕಾಗುತ್ತದೆ. ಈ ಬಗೆಯ ಹುಡುಕಾಟಕ್ಕೆ ಕಷ್ಟ 2, ದಾರಿ 1.5 ಸರಿಯೆನಿಸುತ್ತದೆ. ದಾರಿಗೆ 1 ಎಂದರೆ ಗಾಲಿಕುರ್ಚಿಯಲ್ಲಿ ಬರುವವರಿಗೂ ಸಾಧ್ಯವೆಂದು ಅರ್ಥ. ನಮ್ಮ ಪಾದಚಾರಿ ಮಾರ್ಗಗಳ ಎತ್ತರ ತಗ್ಗುಗಳನ್ನು ಬಲ್ಲವರು ಆ ಅಂಕವನ್ನು ಸುಲಭವಾಗಿ ಕೊಡುವುದಿಲ್ಲ.

ಹುಡುಕಲು ಹೋಗುವವರಿಗೆ

ಸ್ಮಾರಕದ ಮುಂದೆ ಚಪ್ಪಲಿ ಬಿಡಬೇಕೆಂಬ ನಿಯಮವೇನೂ ಇಲ್ಲ, ಆದರೆ ದನಿ ತಗ್ಗಿಸುವುದು, ಕಟ್ಟೆಯ ಮೇಲೆ ಚೀಲ ಇಡದಿರುವುದು, ಕಂಬಕ್ಕೆ ಒರಗಿ ಸೆಲ್ಫಿ ತೆಗೆಯದಿರುವುದು ನಮ್ಮಿಂದಾಗುವ ಮರ್ಯಾದೆ. ಮೊದಲು ಪೂರ್ತಿ ಓದಿ, ಆಮೇಲೆ ಪ್ರಶ್ನೆಗಳನ್ನು ತೆರೆಯಿರಿ. ಮಕ್ಕಳೊಂದಿಗೆ ಹೋದರೆ ಒಂದೊಂದು ಮುಖವನ್ನು ಒಬ್ಬೊಬ್ಬರು ಗಟ್ಟಿಯಾಗಿ ಓದುವಂತೆ ಮಾಡಿ. ಊರಿನ ಹೆಸರುಗಳನ್ನು ನಕ್ಷೆಯಲ್ಲಿ ತೋರಿಸಿ. ಇಲ್ಲಿಂದ ಹಡಗು ಹತ್ತಿ ಅಷ್ಟು ದೂರ ಹೋದರೇ ಎಂದು ಅವರು ಕೇಳಿಯೇ ಕೇಳುತ್ತಾರೆ.

ಪೊಲೀಸರು ಅಥವಾ ಅಂಗಡಿಯವರು ವಿಚಾರಿಸಿದರೆ ಮುಚ್ಚಿಡದೆ ನಿಜ ಹೇಳಿ. ಆಟವರಿಯದವರಿಗೆ ಕಾಣದಂತೆ ಹುಡುಕಬೇಕೆಂಬ ರೂಢಿ ಈ ಆಟದಲ್ಲಿದೆ, ಅವರನ್ನು ಮಗಲ್ ಎಂದು ಕರೆಯುವ ಪರಿಭಾಷೆಯೂ ಇದೆ. ಆದರೆ ಯುದ್ಧ ಸ್ಮಾರಕದ ಸುತ್ತ ಗುಟ್ಟಾಗಿ ನಡೆದುಕೊಳ್ಳುವುದೇ ಅನುಮಾನಕ್ಕೆ ದಾರಿ. ಒಮ್ಮೆ ಸಂಚಾರಿ ಪೊಲೀಸರೊಬ್ಬರು ನನ್ನ ನೋಟ್‌ಬುಕ್ ನೋಡಿ ಏನು ಬರೆಯುತ್ತಿದ್ದೀರಿ ಎಂದು ಕೇಳಿದರು. ಕಲ್ಲಿನಲ್ಲಿರುವುದನ್ನು ಕನ್ನಡದಲ್ಲಿ ಹೇಳಿದಾಗ, ವರ್ಷಗಟ್ಟಲೆ ಇದೇ ಕೂಡುರಸ್ತೆಯಲ್ಲಿ ನಿಂತರೂ ಇದು ಯಾರದ್ದೆಂದು ತಿಳಿದಿರಲಿಲ್ಲವೆಂದು ಹೇಳಿ, ಉಳಿದ ಮುಖಗಳಲ್ಲಿ ಏನಿದೆಯೆಂದೂ ಕೇಳಿ ತಿಳಿದುಕೊಂಡರು.

ನವೆಂಬರ್ 11ರಂದು, ಮೊದಲನೆಯ ಮಹಾಯುದ್ಧ ನಿಂತ ದಿನದ ನೆನಪಿಗೆ, ಇಂತಹ ಸ್ಮಾರಕಗಳಲ್ಲಿ ಹೂಮಾಲೆ ಇಡಲು ನಿವೃತ್ತ ಸೈನಿಕರು ಬರುವುದುಂಟು. ಅಂದು ಆಟವನ್ನು ನಿಲ್ಲಿಸಬೇಕು. ಕ್ಯಾಶ್‌ನ ಒಡೆಯರು ಪುಟವನ್ನು ಆ ದಿನದ ಮಟ್ಟಿಗೆ ತಾತ್ಕಾಲಿಕವಾಗಿ ಸ್ಥಗಿತಗೊಳಿಸಬಹುದು. ಲಾಗ್ ಬರೆಯುವಾಗ ‘ಡಬ್ಬಿಗೆ ಧನ್ಯವಾದ’ ಎಂಬರ್ಥದ TFTC ಎಂಬ ನಾಲ್ಕಕ್ಷರದ ಇಂಗ್ಲಿಷ್ ಸಂಕ್ಷೇಪದಲ್ಲಿ ಮುಗಿಸದೆ ಓದಿದ್ದರಲ್ಲಿ ಒಂದು ಸಂಗತಿಯನ್ನು ಬರೆಯಿರಿ. ಡಬ್ಬಿ ಸಿಗದಿದ್ದರೆ ಸಿಗಲಿಲ್ಲವೆಂದೇ ದಾಖಲಿಸಿ, ಒಡೆಯರಿಗೆ ಅದು ಎಚ್ಚರಿಕೆಯ ಗಂಟೆಯಾಗುತ್ತದೆ. ಆದರೆ ಸ್ಮಾರಕದ ಉತ್ತರಗಳನ್ನಾಗಲೀ ಉತ್ತರ ಕಾಣುವ ಚಿತ್ರಗಳನ್ನಾಗಲೀ ಪುಟದಲ್ಲಿ ಹಾಕಬೇಡಿ.

ಡಬ್ಬಿಯೇ ಬೇಡವೆನ್ನುವವರಿಗೆ

ಅನುಮತಿಯ ಜಾಗ ಸಿಗದವರು ಅಡ್ವೆಂಚರ್ ಲ್ಯಾಬ್ ಎಂಬ ಬಗೆಯನ್ನು ನೋಡಬಹುದು. ಅದರಲ್ಲಿ ಡಬ್ಬಿಯಿಲ್ಲ, ಸಾಮಾನ್ಯವಾಗಿ ಐದು ಜಾಗಗಳಿಗೆ ಹೋಗಿ ಅಲ್ಲಲ್ಲಿನ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸಬೇಕು. ಅದನ್ನು ರಚಿಸಲು ಆಟವನ್ನು ನಡೆಸುವ ಸಂಸ್ಥೆಯಿಂದ ಅವಕಾಶ ದೊರೆಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಹೇರಳವಾಗಿದೆ. ಬ್ರಿಗೇಡ್ ರಸ್ತೆಯ ಪಯನಿಯರ್ ಸ್ಮಾರಕದಿಂದ ಆರಂಭಿಸಿ, ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಹೋಗಬಹುದು. ಅಲ್ಲಿಂದ ನೆಹರೂ ತಾರಾಲಯದ ಸಮೀಪದ ರಾಷ್ಟ್ರೀಯ ಸೈನಿಕ ಸ್ಮಾರಕಕ್ಕೆ ಬಂದರೆ ಸ್ವಾತಂತ್ರ್ಯಾನಂತರ ಮಡಿದವರ ಹೆಸರುಗಳೂ, 75 ಅಡಿ ಎತ್ತರದ ವೀರಗಲ್ಲೂ ಕಾಣಸಿಗುತ್ತವೆ. ಆ ಏಕಶಿಲೆಗೆ ವೀರಗಲ್ಲು ಎಂದೇ ಹೆಸರಿಟ್ಟದ್ದು ನಮ್ಮ ನೆಲದ ಸಂಪ್ರದಾಯಕ್ಕೆ ಒಪ್ಪುವಂತಿದೆ, ಏಕೆಂದರೆ ಊರಿಗಾಗಿ ಮಡಿದವನಿಗೆ ಕಲ್ಲು ನಿಲ್ಲಿಸುವುದು ಕನ್ನಡ ನಾಡಿನಲ್ಲಿ ಸಾವಿರಾರು ಹಳ್ಳಿಗಳ ವಾಡಿಕೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನವು ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನನ್ನು ಸ್ಮರಿಸುತ್ತದೆ. ಈ ಊರಿನ ಹೆಸರು ಬರುವ ಹಳೆಯ ದಾಖಲೆಯೇ ಒಂದು ಯುದ್ಧ ಸ್ಮಾರಕ. ನಿಮ್ಮ ಊರಿನಲ್ಲಿ ಮಹಾಯುದ್ಧದ ಕಂಬವಿಲ್ಲದಿದ್ದರೂ ಕೆರೆಯ ಏರಿಯ ಮೇಲೋ ಗುಡಿಯ ಹಿಂದೆಯೋ ವೀರಗಲ್ಲೊಂದು ಇದ್ದೀತು. ಪೂಜೆ ನಡೆಯುವ ಕಲ್ಲಾದರೆ ಮೊದಲು ಊರಿನ ಹಿರಿಯರನ್ನು ಕೇಳಿ ಮುಂದುವರಿಯಿರಿ.

ಕ್ಯಾಶ್ ಪ್ರಕಟವಾದ ಮೇಲೆ ಒಡೆಯರ ಹೊಣೆ ಮುಗಿಯುವುದಿಲ್ಲ. ಪ್ರತಿ ಮಳೆಗಾಲದ ನಂತರ ಡಬ್ಬಿಯನ್ನು ನೋಡಿ ಬನ್ನಿ, ಒದ್ದೆಯಾದ ಲಾಗ್ ಬದಲಾಯಿಸಿ. ಸ್ಮಾರಕಕ್ಕೂ ಹೋಗಿ ಪ್ರಶ್ನೆಗಳಿಗೆ ಈಗಲೂ ಉತ್ತರ ಸಿಗುತ್ತದೆಯೇ ಎಂದು ಪರೀಕ್ಷಿಸಿ. ಹೊಸ ಬೇಲಿ ಬಂದು ಒಂದು ಮುಖ ಮರೆಯಾಗಿದ್ದರೆ ಪ್ರಶ್ನೆ ಬದಲಿಸಿ. ಹೋದಾಗಲೆಲ್ಲ ಸುತ್ತ ಬಿದ್ದ ಕಾಗದದ ಲೋಟಗಳನ್ನು ಚೀಲಕ್ಕೆ ಹಾಕಿಕೊಂಡು ಬನ್ನಿ. ಕಲ್ಲು ಬಿರುಕು ಬಿಟ್ಟದ್ದೋ ಅಕ್ಷರದ ಮೇಲೆ ಬಣ್ಣ ಬಿದ್ದದ್ದೋ ಕಂಡರೆ ಚಿತ್ರ ತೆಗೆದು ಪಾಲಿಕೆಗೆ ತಿಳಿಸಿ, ನೀವೇ ಸ್ವಚ್ಛ ಮಾಡಲು ಹೋಗಬೇಡಿ. ಜಾಗದ ಮಾಲೀಕರು ಮನೆ ಬದಲಾಯಿಸಿದರೆ ಅಥವಾ ಒಪ್ಪಿಗೆ ಹಿಂಪಡೆದರೆ ಅಂದೇ ಡಬ್ಬಿಯನ್ನು ತೆಗೆದು, ಪುಟವನ್ನು ಸಂಗ್ರಹಕ್ಕೆ ಸೇರಿಸಿ, ಲಾಗ್ ಕಾಗದವನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.